150 ಮಕ್ಕಳು, 4 ಟೈಮರ್, ಒಂದು ಭಾನುವಾರ: ಮೊದಲ ಸಲ ಕ್ಯೂಬಿಂಗ್ ಸ್ಪರ್ಧೆ ನಡೆಸುವವರಿಗೆ

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕ. ಭಾನುವಾರಗಳಲ್ಲಿ ಸುಮಾರು 25 ಮಕ್ಕಳಿಗೆ ರೂಬಿಕ್ಸ್ ಕ್ಯೂಬ್ ಹೇಳಿಕೊಡುತ್ತೇನೆ. ‘ಒಂದು ಸ್ಪರ್ಧೆ ಮಾಡಿ ಸರ್’ ಅಂತ ಪಾಲಕರು ಬೆನ್ನು ಬಿದ್ದಿದ್ದಾರೆ. ಶಿವಮೊಗ್ಗದಲ್ಲಿ ಪರಿಚಯದವರ ಕಲ್ಯಾಣ ಮಂಟಪವಿದೆ. ಆಷಾಢದಲ್ಲಿ ಮದುವೆ ಇರುವುದಿಲ್ಲವಾದ್ದರಿಂದ ಕಡಿಮೆ ಬಾಡಿಗೆಗೆ ಕೊಡುತ್ತೇವೆ ಎಂದಿದ್ದಾರೆ. ಸುತ್ತಲಿನ ಶಾಲೆಗಳಿಂದ 150 ಮಕ್ಕಳಾದರೂ ಬಂದಾರು. ನಾಲ್ಕು ಟೈಮರ್ ಹೊಂದಿಸಬಲ್ಲೆ. ಡಬ್ಲ್ಯುಸಿಎ (ವರ್ಲ್ಡ್ ಕ್ಯೂಬ್ ಅಸೋಸಿಯೇಷನ್) ಮಾನ್ಯತೆ ಇಲ್ಲದಿದ್ದರೆ ಅದು ಸ್ಪರ್ಧೆಯೇ ಅಲ್ಲ ಎಂದು ಕೆಲವರು ಹೇಳಿದರೆ, ದೊಡ್ಡ ಮೊತ್ತದ ಬಹುಮಾನ ಇಡದಿದ್ದರೆ ಯಾರೂ ಬರುವುದಿಲ್ಲ ಎನ್ನುತ್ತಾರೆ ಇನ್ನು ಕೆಲವರು. ಪಾಲಕರಿಗೆ ‘ರಾಜ್ಯಮಟ್ಟದ’ ಸರ್ಟಿಫಿಕೇಟ್ ಬೇಕು. ನನಗೇ ಕ್ಯೂಬ್ ಮುಗಿಸಲು ಒಂದೂವರೆ ನಿಮಿಷ ಹಿಡಿಯುತ್ತದೆ. ಇದು ನನ್ನಿಂದ ಆಗುವ ಕೆಲಸವೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಕೊನೆಯ ಅಳುಕಿಗೆ ಉತ್ತರ ಚಿಕ್ಕದು, ಮೊದಲು ಅದನ್ನೇ ಮುಗಿಸಿಬಿಡೋಣ. ಒಂದೂವರೆ ನಿಮಿಷದ ವೇಗ ಧಾರಾಳವಾಯಿತು. ಸಂಘಟಕರು ವೇಗವಾಗಿ ಕ್ಯೂಬ್ ಬಿಡಿಸಬೇಕೆಂಬ ನಿಯಮ ಎಲ್ಲೂ ಇಲ್ಲ. ಹತ್ತು ಸೆಕೆಂಡಿನಲ್ಲಿ ಮುಗಿಸುವ ಹುಡುಗನಿಗಿಂತ ಹಾಜರಿ ಪುಸ್ತಕ, ವೇಳಾಪಟ್ಟಿ, ಪರೀಕ್ಷಾ ಕೊಠಡಿ ನಿಭಾಯಿಸಿದ ಮೇಷ್ಟರೇ ಈ ಕೆಲಸಕ್ಕೆ ಹೆಚ್ಚು ಒದಗುತ್ತಾರೆ.

ನನಗೆ ಚಿಂತೆ ಹುಟ್ಟಿಸಿದ್ದು ನಿಮ್ಮ ಪತ್ರದಲ್ಲಿ ಸುಮ್ಮನೆ ಬಂದುಹೋಗುವ ಎರಡು ಅಂಕಿಗಳು: 150 ಮತ್ತು 4. ಗಣಿತದವರು ನೀವು, ಲೆಕ್ಕ ಹಾಕಿ ನೋಡಿ. 3x3ರಲ್ಲಿ, ಅಂದರೆ ಮಾಮೂಲಿ ರೂಬಿಕ್ಸ್ ಕ್ಯೂಬ್‌ನಲ್ಲಿ, ಪ್ರತಿಯೊಬ್ಬರಿಗೂ ಒಂದು ಸುತ್ತಿಗೆ ಐದು ಅವಕಾಶ. ಅತಿ ಒಳ್ಳೆಯ ಸಮಯವನ್ನೂ ಅತಿ ಕೆಟ್ಟದನ್ನೂ ಬಿಟ್ಟು ಉಳಿದ ಮೂರರ ಸರಾಸರಿ ತೆಗೆಯುತ್ತಾರೆ. ಅಂದರೆ 750 ಸಲ ಕ್ಯೂಬ್ ಮೇಜಿಗೆ ಬಂದು ಹೋಗಬೇಕು. ಹೊಸ ಮಕ್ಕಳಾದರೆ ಕೂರುವುದು, ಕೆಡಿಸಿದ ಕ್ಯೂಬನ್ನು ಮೊದಲು ನೋಡಿಕೊಳ್ಳುವುದು, ಬಿಡಿಸುವುದು, ಸಮಯ ಬರೆಸಿ ಸಹಿ ಹಾಕುವುದು ಎಲ್ಲ ಸೇರಿ ಒಂದು ಸಲಕ್ಕೆ ಎರಡೂವರೆ ನಿಮಿಷ ಎಂದಿಟ್ಟುಕೊಳ್ಳಿ. ನಾಲ್ಕು ಟೈಮರ್‌ಗೆ ಹಂಚಿದರೆ ತಲಾ ಸುಮಾರು 187 ಸಲ, ಅಂದರೆ ಏಳೂಮುಕ್ಕಾಲು ಗಂಟೆ. ಅದೂ ಊಟ, ಗಲಾಟೆ, ಕರೆಂಟು ಹೋಗಿದ್ದು ಯಾವುದನ್ನೂ ಸೇರಿಸದೆ, ಒಂದೇ ಒಂದು ಸುತ್ತಿಗೆ.

ಅದೇ 60 ಮಕ್ಕಳು, 8 ಟೈಮರ್ ಎಂದು ಮಾಡಿ ನೋಡಿ. 300 ಅವಕಾಶಗಳು, ಟೈಮರ್‌ಗೆ 37-38 ಬೀಳುತ್ತವೆ, ಒಂದೂವರೆ ಗಂಟೆ ಸಾಕು. ಹದಿನೈದು ಮಕ್ಕಳ ನಾಲ್ಕು ಗುಂಪು ಮಾಡಿ, ಗುಂಪು ಬದಲಾಗಲು ಐದೈದು ನಿಮಿಷ ಕೊಟ್ಟರೂ ಎರಡು ಗಂಟೆಯೊಳಗೆ ಮೊದಲ ಸುತ್ತು ಮುಗಿಯುತ್ತದೆ. ಮೊದಲ ಸಲದ ಸ್ಪರ್ಧೆಗಳು ಕೆಡುವುದು ಸಾಮಾನ್ಯವಾಗಿ ಇಲ್ಲಿಯೇ. ವೇದಿಕೆ, ಬ್ಯಾನರ್, ಮುಖ್ಯ ಅತಿಥಿ ಎಲ್ಲ ಸರಿಯಾಗಿರುತ್ತದೆ, ಮಧ್ಯಾಹ್ನ ಮೂರಾದರೂ ಅರ್ಧ ಮಕ್ಕಳ ಹೆಸರು ಕೂಗಿರುವುದಿಲ್ಲ. ಸ್ಪರ್ಧೆಯ ಗಾತ್ರವನ್ನು ನಿಮ್ಮ ಹತ್ತಿರ ಎಷ್ಟು ಟೈಮರ್ ಇವೆ, ಅವುಗಳ ಮುಂದೆ ಕೂರಲು ತರಬೇತಾದವರು ಎಷ್ಟಿದ್ದಾರೆ ಎಂಬುದರ ಮೇಲೆ ನಿರ್ಧರಿಸಿ. ಹಾಲ್‌ನಲ್ಲಿ ಎಷ್ಟು ಕುರ್ಚಿ ಹಿಡಿಯುತ್ತವೆ ಎಂಬುದು ಆಮೇಲಿನ ಮಾತು.

ಮಾನ್ಯತೆ ಬೇಕೇ?

ಡಬ್ಲ್ಯುಸಿಎ 2004ರಿಂದ ಈ ಸ್ಪರ್ಧೆಗಳ ನಿಯಮವನ್ನೂ ಜಾಗತಿಕ ಫಲಿತಾಂಶಗಳ ದಾಖಲೆಯನ್ನೂ ನೋಡಿಕೊಳ್ಳುತ್ತಿದೆ. ಅದರ ಪಟ್ಟಿಯಲ್ಲಿ 17 ವಿಭಾಗಗಳಿವೆ. ಎಲ್ಲವನ್ನೂ ಇಡಬೇಕಾಗಿಲ್ಲ, ಎರಡೋ ಮೂರೋ ಸಾಕು. ಮಾನ್ಯತೆ ಇಲ್ಲದೆ ಸ್ಪರ್ಧೆ ನಡೆಸಲು ಯಾರ ಅಡ್ಡಿಯೂ ಇಲ್ಲ. ಆದರೆ ಅಲ್ಲಿ ಬಂದ ಸಮಯಗಳು ಅಧಿಕೃತ ದಾಖಲೆಗೆ ಸೇರುವುದಿಲ್ಲ, ಬ್ಯಾನರ್ ಮೇಲೆ ಡಬ್ಲ್ಯುಸಿಎ ಹೆಸರನ್ನಾಗಲೀ ಗುರುತನ್ನಾಗಲೀ ಹಾಕುವಂತಿಲ್ಲ. ‘ಈಗ ನಡೆಸಿಬಿಡೋಣ, ಆಮೇಲೆ ಫಲಿತಾಂಶ ಕಳಿಸಿ ಮಾನ್ಯತೆ ತರೋಣ’ ಎಂಬ ದಾರಿಯೇ ಇಲ್ಲ.

ಅಧಿಕೃತವಾಗಬೇಕಾದರೆ ಸಂಸ್ಥೆಯ ಡೆಲಿಗೇಟ್ (ಅಧಿಕೃತ ಪ್ರತಿನಿಧಿ) ಒಬ್ಬರು ಒಪ್ಪಿ, ಆ ದಿನ ಖುದ್ದಾಗಿ ಹಾಜರಿರಬೇಕು. ಸ್ಪರ್ಧೆಯ ಪುಟ ಸಂಸ್ಥೆಯ ಜಾಲತಾಣದಲ್ಲಿ ಕನಿಷ್ಠ 28 ದಿನ ಮೊದಲೇ ಪ್ರಕಟವಾಗಬೇಕು. ನೋಂದಣಿಯೂ ಅಲ್ಲಿಂದಲೇ. ಸ್ಕ್ರಾಂಬಲ್‌ಗಳನ್ನು, ಅಂದರೆ ಕ್ಯೂಬ್ ಕೆಡಿಸುವ ಕ್ರಮವನ್ನು, ಟಿನೂಡಲ್ ಎಂಬ ಅಧಿಕೃತ ತಂತ್ರಾಂಶದಲ್ಲಿ ತೆಗೆದು ಪಾಸ್‌ವರ್ಡ್ ಹಾಕಿ ಇಟ್ಟುಕೊಂಡಿರುತ್ತಾರೆ. ಇದೆಲ್ಲ ಡೆಲಿಗೇಟ್‌ಗೆ ಅಭ್ಯಾಸವಾದ ಕೆಲಸ, ನೀವು ಹೆದರಬೇಕಾದ್ದಿಲ್ಲ. ತಪ್ಪುವುದು ಕ್ರಮದಲ್ಲಿ. ಹಾಲ್‌ಗೆ ಮುಂಗಡ ಕೊಟ್ಟು, ದಿನಾಂಕ ಹಾಕಿ ಕರಪತ್ರ ಹೊಡೆಸಿ, ಆಮೇಲೆ ಡೆಲಿಗೇಟ್ ಹುಡುಕಲು ಹೊರಡುತ್ತಾರೆ. ಅವರಿಗೆ ಆ ದಿನ ಬೇರೆ ಊರಿನಲ್ಲಿ ಸ್ಪರ್ಧೆ ಇದ್ದರೆ ಮುಂಗಡವೂ ಹೋಯಿತು, ಕರಪತ್ರವೂ ಹೋಯಿತು. ಮೊದಲು ಡೆಲಿಗೇಟ್, ಆಮೇಲೆ ದಿನಾಂಕ, ಆಮೇಲೆ ಹಾಲ್. ಇಷ್ಟಕ್ಕೆ ಮೂರು ತಿಂಗಳು ಕೈಯಲ್ಲಿಟ್ಟುಕೊಳ್ಳಿ.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ನೀವು ಯೋಚಿಸಲೇಬೇಕಾದ ಸಂಗತಿ ಇನ್ನೊಂದಿದೆ. ಅಧಿಕೃತ ಸ್ಪರ್ಧೆಯನ್ನು ‘ಮಲೆನಾಡಿನ ಮಕ್ಕಳಿಗೆ ಮಾತ್ರ’ ಎಂದು ಮಾಡಲಾಗದು. ಯಾವ ಊರಿನವರೂ, ಯಾವ ವಯಸ್ಸಿನವರೂ ಸೇರಬಹುದು. 60 ಸ್ಥಾನಗಳ ನೋಂದಣಿ ತೆರೆದರೆ ಬೆಂಗಳೂರಿನ ಪಳಗಿದ ಹುಡುಗರು ಗಡಿಯಾರ ನೋಡಿಕೊಂಡು ಕೂತಿರುತ್ತಾರೆ. ಸೈಬರ್ ಸೆಂಟರ್‌ಗೆ ಹೋಗಿ ಖಾತೆ ತೆರೆಯಬೇಕಾದ ಹೊಸನಗರದ ಹುಡುಗಿ ಕಾಯುವವರ ಪಟ್ಟಿಯಲ್ಲಿ ಉಳಿಯುತ್ತಾಳೆ. ಅದರಲ್ಲಿ ಅವರ ತಪ್ಪೇನಿಲ್ಲ, ವ್ಯವಸ್ಥೆ ಇರುವುದೇ ಹಾಗೆ. ಅಧಿಕೃತ ಸ್ಪರ್ಧೆಗೆ ಹೋಗುವುದಾದರೆ ನಿಮ್ಮ 25 ಮಕ್ಕಳ ಖಾತೆಗಳನ್ನು ತಿಂಗಳು ಮೊದಲೇ ತೆರೆಸಿ, ನೋಂದಣಿ ಶುರುವಾಗುವ ದಿನ ಮತ್ತು ಗಂಟೆಯನ್ನು ಪಾಲಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಎರಡೆರಡು ಸಲ ಹಾಕಿ.

ನನ್ನ ಸಲಹೆ ಇದು: ಮೊದಲು ನಿಮ್ಮ ಶಾಲೆಯಲ್ಲೇ 30-40 ಮಕ್ಕಳ ಅನಧಿಕೃತ ಸ್ಪರ್ಧೆ ನಡೆಸಿ, ಆದರೆ ಅಧಿಕೃತ ನಿಯಮಗಳಲ್ಲೇ ನಡೆಸಿ. ಟೈಮರ್ ನಾಲ್ಕೇ ಇದ್ದರೆ ಐದರ ಬದಲು ಮೂರು ಅವಕಾಶ ಕೊಡಿ. ಸ್ಕ್ರಾಂಬಲ್‌ಗಳಿಗೆ ಸಿಎಸ್‌ಟೈಮರ್‌ನಂಥ ಉಚಿತ ತಾಣ ಸಾಕು. ಇದರಿಂದ ಮಕ್ಕಳಿಗೆ ರೂಢಿಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ನಿಮಗೆ ಹತ್ತು ಜನ ಜಡ್ಜ್‌ಗಳು, ಅಂದರೆ ಟೈಮರ್ ಮುಂದೆ ಕೂತು ಆಟ ನೋಡಿ ಸಮಯ ಬರೆಯುವವರು, ತಯಾರಾಗುತ್ತಾರೆ. ಅವರು ಸಿಕ್ಕ ಮೇಲೆ ಶಿವಮೊಗ್ಗದ ಅಧಿಕೃತ ಸ್ಪರ್ಧೆಗೆ ಕೈ ಹಾಕಿ. ನೇರವಾಗಿ ಅಧಿಕೃತಕ್ಕೇ ಇಳಿದು ಗೆದ್ದವರೂ ಇದ್ದಾರೆ, ಆದರೆ ಅವರ ಬೆನ್ನಿಗೆ ಬೇರೆ ಊರಿನಿಂದ ಬಂದ ಅನುಭವಿಗಳಿದ್ದರು.

ಬಹುಮಾನ, ಸರ್ಟಿಫಿಕೇಟ್

ದೊಡ್ಡ ಮೊತ್ತದ ಮಾತು ಬಿಟ್ಟುಬಿಡಿ. ಕ್ಯೂಬರ್‌ಗಳು ಬರುವುದು ತಮ್ಮ ಸಮಯ ದಾಖಲಾಗಲಿ ಎಂದು. ಮೊದಲ ಮೂವರಿಗೆ ಪದಕ, ಎಲ್ಲರಿಗೂ ಭಾಗವಹಿಸಿದ ಪತ್ರ ಕೊಟ್ಟರೆ ಆಯಿತು. ದೊಡ್ಡ ನಗದು ಇಟ್ಟರೆ ತಕರಾರುಗಳೂ ಅದೇ ಪ್ರಮಾಣದಲ್ಲಿ ದೊಡ್ಡವಾಗುತ್ತವೆ. ಎರಡು ಸೆಕೆಂಡಿನ ದಂಡಕ್ಕೆ ಪಾಲಕರು ಮೇಜಿನ ಹತ್ತಿರ ಬಂದು ವಾದಕ್ಕೆ ನಿಲ್ಲುತ್ತಾರೆ.

‘ರಾಜ್ಯಮಟ್ಟ’ ಎಂದು ಮುದ್ರಿಸಬೇಡಿ. ನಾಲ್ಕು ತಾಲ್ಲೂಕಿನ ಮಕ್ಕಳು ಸೇರಿದ್ದು ರಾಜ್ಯಮಟ್ಟವಾಗುವುದಿಲ್ಲ, ಡಬ್ಲ್ಯುಸಿಎ ಸ್ಪರ್ಧೆಯಾದ ಮಾತ್ರಕ್ಕೂ ಆಗುವುದಿಲ್ಲ. ಪಾಲಕರಿಗೆ ಹೇಳಬೇಕಾದ ಮಾತು ಬೇರೆ ಇದೆ. ಅಧಿಕೃತ ಸ್ಪರ್ಧೆಯಲ್ಲಿ ಮೊದಲ ಸಲ ಆಡಿದ ಮಗುವಿಗೆ ಒಂದು ಶಾಶ್ವತ ಗುರುತಿನ ಸಂಖ್ಯೆ ಸಿಗುತ್ತದೆ, ಅದರಡಿ ಎಲ್ಲ ಫಲಿತಾಂಶಗಳೂ ಜಗತ್ತಿಗೆ ಕಾಣುವಂತೆ ಉಳಿಯುತ್ತವೆ. ಚಿನ್ನದ ಬಣ್ಣದ ಯಾವ ಸರ್ಟಿಫಿಕೇಟಿಗಿಂತಲೂ ಅದರ ತೂಕ ಹೆಚ್ಚು.

ಆಷಾಢದ ಮಂಟಪ

ಬಾಡಿಗೆ ಕಡಿಮೆ, ಒಪ್ಪಿದೆ. ಆದರೆ ಆಷಾಢವೆಂದರೆ ಜೂನ್-ಜುಲೈ. ಆಗುಂಬೆ, ಹೊಸನಗರದ ಕಡೆ ಮಳೆ ಹಿಡಿದರೆ ಬಿಡುವ ಕಾಲವಲ್ಲ. ಶಾಲೆಗಳಿಗೇ ಮಳೆ ರಜೆ ಕೊಡುವ ದಿನಗಳಲ್ಲಿ ಮಕ್ಕಳನ್ನು ಸಾಗರದಿಂದ 70 ಕಿಲೋಮೀಟರ್, ತೀರ್ಥಹಳ್ಳಿಯಿಂದ 60 ಕಿಲೋಮೀಟರ್ ಕರೆಸುವುದು ಕಷ್ಟ. ದಾರಿಯ ಮಾತು ಹಾಗಿರಲಿ, ಹಾಲ್‌ಗೆ ತಗಡಿನ ಮಾಡು ಇದ್ದರೆ ಮಳೆಯ ಸದ್ದಿನಲ್ಲಿ ಜಡ್ಜ್ ಕೂಗುವ ಸೆಕೆಂಡು ಎದುರಿಗೆ ಕೂತ ಮಗುವಿಗೂ ಕೇಳಿಸುವುದಿಲ್ಲ. ಕೇಳಿಸದೆ ದಂಡ ಬಿದ್ದರೆ ಅದು ಜಗಳದ ಮೂಲ. ದೀಪಾವಳಿ ಕಳೆದ ಮೇಲೆ ಜನವರಿವರೆಗೆ ಹವೆ ಚೆನ್ನಾಗಿರುತ್ತದೆ, ಪರೀಕ್ಷೆಯ ಬಿಸಿಯೂ ಇನ್ನೂ ಏರಿರುವುದಿಲ್ಲ. ಆಗ ಅಡಿಕೆ ಕೊಯ್ಲು ಇರುತ್ತದೆ, ತೋಟದ ಮನೆಯವರು ‘ಈ ವಾರ ಬಿಡುವೇ ಇಲ್ಲ ಸರ್’ ಎನ್ನುತ್ತಾರೆ. ಅದಕ್ಕೆ ಒಂದು ವ್ಯಾನ್ ಮಾಡಿ ಮಕ್ಕಳನ್ನು ನೀವೇ ಕರೆತಂದರೆ ಮುಗಿಯಿತು. ಆ ತಿಂಗಳುಗಳಲ್ಲಿ ಮಂಟಪ ಮದುವೆಗೆ ಹೋಗಿಬಿಡುತ್ತದೆ, ಹಾಗಾಗಿ ಶಾಲೆ ಅಥವಾ ಕಾಲೇಜಿನ ಸಭಾಂಗಣ ಕೇಳಿ.

ಹಾಲ್ ನೋಡಲು ಹೋದಾಗ ಒಂದು ಕ್ಯೂಬ್ ಜೇಬಿನಲ್ಲಿರಲಿ. ಟೈಮರ್ ಇಡುವ ಜಾಗದಲ್ಲಿ ಕೂತು, ಸಂಜೆ ದೀಪ ಹಾಕಿಸಿ, ಕೆಂಪು ಮತ್ತು ಕಿತ್ತಳೆ ಬಣ್ಣ ಬೇರೆ ಬೇರೆಯಾಗಿ ಕಾಣುತ್ತವೆಯೇ ನೋಡಿ. ಮಂಟಪಗಳ ಹಳದಿ ಅಲಂಕಾರಿಕ ದೀಪದ ಕೆಳಗೆ ಇವೆರಡೂ ಒಂದೇ ಆಗಿಬಿಡುತ್ತವೆ, ಬಿಳಿಯೂ ಹಳದಿಗೆ ತಿರುಗುತ್ತದೆ. ಬಿಳಿ ಟ್ಯೂಬ್‌ಲೈಟ್ ಇರುವ ಊಟದ ಹಾಲೇ ಎಷ್ಟೋ ಸಲ ಮುಖ್ಯ ಹಾಲ್‌ಗಿಂತ ವಾಸಿ. ಆದರೆ ಅಲ್ಲಿನ ಉದ್ದನೆಯ ಊಟದ ಮೇಜುಗಳು ಅಲುಗಾಡುತ್ತವೆ. ಒಬ್ಬ ಟೈಮರ್ ನಿಲ್ಲಿಸಲು ಕೈ ಬಡಿದರೆ ಪಕ್ಕದವನ ಕ್ಯೂಬ್ ಕುಣಿಯುತ್ತದೆ. ಇಳಿಜಾರಿನ ಶಾಲಾ ಡೆಸ್ಕ್ ಬೇಡವೇ ಬೇಡ, ಟೈಮರ್ ಜಾರುತ್ತದೆ. ಪ್ರಯೋಗಾಲಯದ ಅಥವಾ ಸ್ಟಾಫ್ ರೂಮಿನ ಗಟ್ಟಿ ಮೇಜು ಸಿಕ್ಕರೆ ಆರಡಿಯ ಮೇಜಿಗೆ ಎರಡರಂತೆ ಟೈಮರ್ ಇಡಿ. ಫ್ಯಾನ್ ಗಾಳಿಗೆ ಸ್ಕೋರ್ ಕಾರ್ಡ್ ಹಾರದಂತೆ ಕ್ಲಿಪ್ ಇರುವ ರಟ್ಟು ಬೇಕು. ಟೈಮರ್‌ಗಳು ಬ್ಯಾಟರಿಯಲ್ಲೇ ನಡೆಯುತ್ತವೆ, ಕರೆಂಟು ಹೋದರೆ ನಿಲ್ಲುವುದು ಬೆಳಕು. ಆದ್ದರಿಂದ ಜನರೇಟರ್ ಇದೆಯೇ ಎಂದಷ್ಟೇ ಕೇಳಬೇಡಿ, ಚಾಲೂ ಮಾಡಿಸಿ ನೋಡಿ.

ಮೇಜಿನ ಮುಂದೆ

ಒಂದು ಅವಕಾಶ ಹೇಗೆ ಸಾಗುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. ನಿಮ್ಮ ಜಡ್ಜ್‌ಗಳಿಗೆ ಕಲಿಸಬೇಕಾದ್ದು ಇಷ್ಟೇ, ಆದರೆ ಇಷ್ಟನ್ನೂ ಕಲಿಸಬೇಕು.

ಮಕ್ಕಳು ತಮ್ಮ ಕ್ಯೂಬ್ ಅನ್ನು ಸ್ಕೋರ್ ಕಾರ್ಡಿನ ಜೊತೆ ಸ್ಕ್ರಾಂಬಲ್ ಮೇಜಿಗೆ ಕೊಡುತ್ತಾರೆ. ಬಿಳಿ ಮೇಲೆ, ಹಸಿರು ಮುಂದೆ ಹಿಡಿದು ಕಾಗದದಲ್ಲಿದ್ದಂತೆ ತಿರುಗಿಸಿ, ಪಕ್ಕದಲ್ಲಿ ಅಚ್ಚಾದ ಚಿತ್ರಕ್ಕೆ ಹೋಲಿಸಿ, ಮೇಲೆ ಕವರ್ ಮುಚ್ಚಿ ಕಳಿಸುತ್ತಾರೆ. ಚಿತ್ರಕ್ಕೆ ಹೋಲಿಸುವುದನ್ನು ಅವಸರದಲ್ಲಿ ಬಿಡುತ್ತಾರೆ, ಅದನ್ನು ಮಾತ್ರ ಬಿಡಕೂಡದು. ರನ್ನರ್ ಅದನ್ನು ತಂದು ಮೇಜಿನ ಮೇಲಿಡುತ್ತಾನೆ. ಜಡ್ಜ್ ಟೈಮರ್ ಸೊನ್ನೆಯಲ್ಲಿದೆಯೇ ನೋಡಿ, ‘ರೆಡಿನಾ?’ ಎಂದು ಕೇಳಿ, ಕವರ್ ತೆಗೆದು ಕೈಯ ಸ್ಟಾಪ್‌ವಾಚ್ ಒತ್ತುತ್ತಾರೆ. ನೋಡಿಕೊಳ್ಳಲು 15 ಸೆಕೆಂಡು. ಎಂಟನೇ ಸೆಕೆಂಡಿಗೆ ಒಮ್ಮೆ, ಹನ್ನೆರಡನೇ ಸೆಕೆಂಡಿಗೆ ಇನ್ನೊಮ್ಮೆ ಜಡ್ಜ್ ಗಟ್ಟಿಯಾಗಿ ಹೇಳಬೇಕು. 15 ದಾಟಿ ಶುರು ಮಾಡಿದರೆ ಎರಡು ಸೆಕೆಂಡು ದಂಡ, 17 ದಾಟಿದರೆ ಆ ಅವಕಾಶವೇ ಡಿಎನ್‌ಎಫ್ (ಡಿಡ್ ನಾಟ್ ಫಿನಿಶ್), ಅಂದರೆ ಮುಗಿಸಲಿಲ್ಲವೆಂದೇ ಲೆಕ್ಕ. ಮುಗಿದ ಮೇಲೆ ಕ್ಯೂಬ್ ಬಿಟ್ಟು, ಅಂಗೈಗಳಿಂದ ಟೈಮರ್ ನಿಲ್ಲಿಸಬೇಕು. ಜಡ್ಜ್ ನೋಡಿ ಮುಗಿಸುವ ತನಕ ಮಗು ಮತ್ತೆ ಕ್ಯೂಬ್ ಮುಟ್ಟುವಂತಿಲ್ಲ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಕೊನೆಯ ಪದರ 45 ಡಿಗ್ರಿಗಿಂತ ಹೆಚ್ಚು ಓರೆಯಾಗಿರುವುದನ್ನು ಕಂಡು, ಟೈಮರ್ ನಿಲ್ಲಿಸಿದ ಮೇಲೆ ಸರಿಮಾಡಲು ಬೆರಳು ಚಾಚಿಬಿಡುತ್ತಾರೆ. ಸುಮ್ಮನೆ ಬಿಟ್ಟಿದ್ದರೆ ಎರಡು ಸೆಕೆಂಡು ದಂಡದಲ್ಲಿ ಮುಗಿಯುತ್ತಿತ್ತು, ಸರಿಮಾಡಲು ಹೋಗಿ ಡಿಎನ್‌ಎಫ್ ಆಗುತ್ತದೆ.

ಟೈಮರ್‌ನಲ್ಲಿ 12.349 ಎಂದಿದ್ದರೆ ಕಾರ್ಡಿನಲ್ಲಿ 12.34 ಎಂದೇ ಬರೆಯಬೇಕು. ಕೊನೆಯ ಅಂಕಿಯನ್ನು ಬಿಡುತ್ತೇವೆ, 12.35 ಮಾಡುವುದಿಲ್ಲ. ಗಣಿತದ ಮೇಷ್ಟರ ಮಕ್ಕಳು ಇದನ್ನು ಖಂಡಿತ ತಪ್ಪು ಮಾಡುತ್ತಾರೆ! ದಂಡವಿದ್ದರೆ 12.34 + 2 = 14.34 ಎಂದು ಬಿಡಿಸಿ ಬರೆಯಿರಿ. ಜಡ್ಜ್, ಮಗು ಇಬ್ಬರೂ ಸಹಿ ಹಾಕಿದ ಮೇಲೆ ತಿದ್ದುವಂತಿಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿಡಿ. ಏನಾದರೂ ಅನುಮಾನ ಬಂದರೆ ಜಡ್ಜ್ ತಾನೇ ತೀರ್ಪು ಕೊಡಬಾರದು, ಟೈಮರ್ ರೀಸೆಟ್ ಒತ್ತಬಾರದು, ಕ್ಯೂಬ್ ಮುಟ್ಟಬಾರದು. ಕೈ ಎತ್ತಿ ಡೆಲಿಗೇಟ್ ಅನ್ನು ಕರೆಯಬೇಕು. ಟೈಮರ್ ಕೆಟ್ಟಿದ್ದು ಖಚಿತವಾದರೆ ಹೆಚ್ಚುವರಿ ಅವಕಾಶ ಸಿಗುತ್ತದೆ, ಅದಕ್ಕೆಂದೇ ಪ್ರತಿ ಗುಂಪಿನ ಐದು ಸ್ಕ್ರಾಂಬಲ್‌ಗಳ ಜೊತೆ ಎರಡು ಹೆಚ್ಚಿನವು ಇರುತ್ತವೆ. ನಿಯಮಗಳು ಆಗಾಗ ಪರಿಷ್ಕರಣೆಯಾಗುವುದರಿಂದ ಸ್ಪರ್ಧೆಯ ಮೊದಲು ಸಂಸ್ಥೆಯ ತಾಣದಲ್ಲಿರುವ ಪ್ರತಿಯನ್ನು ಒಮ್ಮೆ ಓದಿ.

8 ಟೈಮರ್‌ಗೆ 8 ಜಡ್ಜ್, 3 ಸ್ಕ್ರಾಂಬ್ಲರ್, 2 ರನ್ನರ್, ಸಮಯಗಳನ್ನು ಕಂಪ್ಯೂಟರಿಗೆ ಏರಿಸಲು ಒಬ್ಬರು. ಒಟ್ಟು 14. ಇಷ್ಟು ಜನರನ್ನು ಹೊರಗಿನಿಂದ ತರಬೇಕಿಲ್ಲ, ಒಂದು ಗುಂಪು ಆಡುವಾಗ ಇನ್ನೊಂದು ಗುಂಪಿನವರು ಈ ಕೆಲಸ ಮಾಡುವುದು ಎಲ್ಲ ಕಡೆ ರೂಢಿ. ಪ್ರತಿ ಗುಂಪಿಗೂ ಸ್ಕ್ರಾಂಬಲ್ ಬೇರೆ ಇರುವುದರಿಂದ ಮೋಸದ ಭಯವಿಲ್ಲ. ಆದರೆ ಅರ್ಧಕ್ಕರ್ಧ ಹೊಸಬರೇ ಇರುವ ಸ್ಪರ್ಧೆಯಲ್ಲಿ ಇದನ್ನೇ ನೆಚ್ಚಿಕೊಂಡರೆ ಕೆಟ್ಟಿರಿ. ಅದಕ್ಕೇ ಶಾಲೆಯ ಸ್ಪರ್ಧೆ ಮೊದಲು ಮಾಡಿ ಎಂದಿದ್ದು. ಪಿಯುಸಿ ಮಕ್ಕಳು, ಕ್ಯೂಬ್ ಬಾರದ ಸಹೋದ್ಯೋಗಿಗಳು ಕೂಡ ಅರ್ಧ ದಿನದ ಅಭ್ಯಾಸದಲ್ಲಿ ಒಳ್ಳೆಯ ಜಡ್ಜ್ ಆಗುತ್ತಾರೆ. ಸ್ಕ್ರಾಂಬಲ್‌ಗೆ ಮಾತ್ರ ಕೈ ಪಳಗಿದವರೇ ಬೇಕು.

ಟೈಮರ್‌ಗಳ ವಿಷಯ. ಅಧಿಕೃತ ಸ್ಪರ್ಧೆಗೆ ಸ್ಪೀಡ್‌ಸ್ಟ್ಯಾಕ್ಸ್‌ನಂಥ ಒಪ್ಪಿತ ಟೈಮರ್‌ಗಳೇ ಆಗಬೇಕು, ಕೊಳ್ಳುವ ಮೊದಲು ಡೆಲಿಗೇಟ್ ಅನ್ನು ಕೇಳಿ. ಬೇರೆ ಸಂಘಟಕರಿಂದ ಎರವಲು ಸಿಗುವುದೂ ಉಂಟು. ಹಿಂದಿನ ದಿನವೇ ಎಲ್ಲಕ್ಕೂ ಹೊಸ ಬ್ಯಾಟರಿ ಹಾಕಿ. ಬಳಲಿದ ಬ್ಯಾಟರಿ ಕೈಕೊಡುವುದು ಯಾವಾಗಲೂ ಫೈನಲ್‌ನಲ್ಲೇ. ಒಂದು ಟೈಮರ್ ಹೆಚ್ಚುವರಿ ಇರಲಿ. ಮಿರ್ಚಿ ತಿಂದ ಕೈಯಲ್ಲಿ ಯಾರೂ ಮೇಜಿನ ಹತ್ತಿರ ಬರದಂತೆ ನೋಡಿಕೊಳ್ಳಿ.

ಹೆಸರು, ಹಣ, ಹೊತ್ತು

ನೋಂದಣಿಯಲ್ಲಿ ನಮ್ಮ ಕಡೆ ಸದಾ ಆಗುವ ಎಡವಟ್ಟು ಹೆಸರಿನದು. ಅಪ್ಪನ ಖಾತೆಯಲ್ಲಿ ಮಗನನ್ನು ನೋಂದಾಯಿಸುತ್ತಾರೆ. ಜನ್ಮದಿನಾಂಕ ಅಪ್ಪನದೇ ಉಳಿದಿರುತ್ತದೆ. ಇನಿಷಿಯಲ್ ಶಾಲಾ ದಾಖಲೆಯಲ್ಲಿ ಹಿಂದೆ, ಆಧಾರ್‌ನಲ್ಲಿ ಮುಂದೆ. ಮೊದಲ ಸಲ ಆಡುವವರ ಗುರುತಿನ ಚೀಟಿಯನ್ನು ಬೆಳಿಗ್ಗೆ ನೋಡಿ, ಹೆಸರು ಮತ್ತು ಹುಟ್ಟಿದ ದಿನ ತಾಳೆ ಮಾಡಿ. ನೋಡಿ ಹಿಂದಿರುಗಿಸಿ ಅಷ್ಟೆ, ಮಕ್ಕಳ ಆಧಾರ್ ಜೆರಾಕ್ಸ್ ಇಟ್ಟುಕೊಳ್ಳುವ ಕೆಲಸ ಬೇಡ.

ಖರ್ಚಿಗೆ ಒಂದು ಮಾದರಿ ಲೆಕ್ಕ. ಹಾಲ್ ಮತ್ತು ಜನರೇಟರ್ 15,000, ಡೆಲಿಗೇಟ್‌ರ ಪ್ರಯಾಣ-ವಸತಿ 6,000, ಪದಕ, ಮುದ್ರಣ, ಬ್ಯಾಟರಿ 7,000, ಇತರೆ 2,000 ಎಂದು ಹಿಡಿದರೆ 30,000 ರೂಪಾಯಿ. ಇದನ್ನು 60ರಿಂದ ಭಾಗಿಸಬೇಡಿ, 50ರಿಂದ ಭಾಗಿಸಿ. ತುಂಬಿದ ಪಟ್ಟಿಯಲ್ಲೂ ಕೊನೆಗೆ ಹಿಂದೆ ಸರಿಯುವವರು ಇದ್ದೇ ಇರುತ್ತಾರೆ. ತಲಾ 600 ಆಯಿತು. ಅಧಿಕೃತವಾದರೆ ಸಂಸ್ಥೆಗೆ ಸಲ್ಲಬೇಕಾದ ತಲಾವಾರು ಪಾಲನ್ನು ಇದರ ಮೇಲೆ ಸೇರಿಸಿ. ಹೆಚ್ಚಾಯಿತು ಅನ್ನಿಸಿದರೆ ಕಡಿಮೆ ಮಾಡಬೇಕಾದ್ದು ಹಾಲ್‌ನ ಖರ್ಚು. ಶಾಲೆಯ ಸಭಾಂಗಣ ಉಚಿತವಾಗಿ ಸಿಕ್ಕರೆ ಶುಲ್ಕ ಅರ್ಧಕ್ಕೆ ಇಳಿಯುತ್ತದೆ. ಯಾವ ದಿನಾಂಕದವರೆಗೆ ರದ್ದು ಮಾಡಿದರೆ ಹಣ ವಾಪಸ್ ಎಂಬುದನ್ನು ಮೊದಲೇ ಬರೆದು ಹಾಕಿ.

ಶೃಂಗೇರಿ, ಹೊಸನಗರದ ಬಸ್ಸುಗಳು ತಲುಪುವ ಹೊತ್ತು ನೋಡಿಕೊಂಡು 3x3 ಮೊದಲ ಸುತ್ತನ್ನು ಹತ್ತೂವರೆಗೆ ಇಡಿ. ಅದಕ್ಕೂ ಮೊದಲು, ಬೇಗ ಬಂದವರಿಗೆ 2x2 ಮುಗಿಸಬಹುದು. ಹತ್ತಕ್ಕೆ ಹೊಸಬರನ್ನು ಒಂದೆಡೆ ಸೇರಿಸಿ, ಹದಿನೈದು ನಿಮಿಷ ಟೈಮರ್ ಬಳಸುವುದನ್ನು ಕನ್ನಡದಲ್ಲೇ ಮಾಡಿ ತೋರಿಸಿ. 60 ಜನರಿಗೆ ನಿಯಮದ ಪ್ರಕಾರ ಮೂರು ಸುತ್ತು ಇಡಬಹುದು, ಆದರೆ ಎರಡೇ ಸಾಕು. ಮೊದಲ ಸುತ್ತು, ಆಮೇಲೆ 12 ಮಂದಿಯ ಫೈನಲ್. ಒಂದು ಅವಕಾಶಕ್ಕೆ ಹತ್ತು ನಿಮಿಷದವರೆಗೆ ಮಿತಿ ಇರಬಹುದು, ನೀವು ಮೂರು ನಿಮಿಷ ಇಡಿ. ಕಲಿಯುತ್ತಿರುವ ಮಗುವಿಗೆ ಅಷ್ಟು ಸಾಕು, ವೇಳಾಪಟ್ಟಿಯೂ ಉಳಿಯುತ್ತದೆ. 4x4 ಈ ಸಲ ಬೇಡ. ಉದ್ಘಾಟನೆ, ಸನ್ಮಾನ ಮಾಡಲೇಬೇಕಿದ್ದರೆ ಊಟದ ಹೊತ್ತಿಗೆ ಇಡಿ, ಬೆಳಿಗ್ಗೆ ಬೇಡ. ಮುಖ್ಯ ಅತಿಥಿ ಒಂದು ಗಂಟೆ ತಡವಾದರೆ ನಾಲ್ಕು ಗುಂಪುಗಳೂ ಒಂದು ಗಂಟೆ ತಡ. ನಾಲ್ಕೂವರೆಗೆ ಬಹುಮಾನ ಕೊಟ್ಟು ಮುಗಿಸಿದರೆ ದೂರದ ಮಕ್ಕಳು ಕತ್ತಲಾಗುವ ಮೊದಲು ಬಸ್ಸು ಹತ್ತುತ್ತಾರೆ.

ಈ ವಾರ ಮಾಡಬೇಕಾದ ಕೆಲಸ ಒಂದೇ. ಸಂಸ್ಥೆಯ ಜಾಲತಾಣದ ಪಟ್ಟಿಯಲ್ಲಿ ಕರ್ನಾಟಕಕ್ಕೆ ಹತ್ತಿರದ ಡೆಲಿಗೇಟ್ ಯಾರೆಂದು ನೋಡಿ ಅವರಿಗೆ ಬರೆಯಿರಿ. ‘ಸ್ಪರ್ಧೆ ಮಾಡಬೇಕೆಂದಿದ್ದೇವೆ, ಸಹಕರಿಸಿ’ ಎಂಬ ಒಂದು ಸಾಲಿನ ಪತ್ರಕ್ಕೆ ಉತ್ತರ ಬರುವುದು ಅಪರೂಪ. ನಿಮಗೆ ಆಗಬಹುದಾದ ಮೂರು ಭಾನುವಾರಗಳು, ಎಷ್ಟು ಸ್ಪರ್ಧಿಗಳು, ಯಾವ ವಿಭಾಗಗಳು, ಕೈಯಲ್ಲಿರುವ ಟೈಮರ್ ಎಷ್ಟು ಮತ್ತು ಯಾವ ಮಾದರಿಯವು, ತರಬೇತಾದ ಜಡ್ಜ್‌ಗಳೆಷ್ಟು, ಡೆಲಿಗೇಟ್‌ರ ಪ್ರಯಾಣ-ವಸತಿ ಖರ್ಚು ನಿಮ್ಮದೇ ಎಂಬುದು, ಇಷ್ಟನ್ನು ಬರೆಯಿರಿ. ಬೆಂಗಳೂರಿನಿಂದ ತಾಳಗುಪ್ಪದ ಕಡೆಗೆ ರಾತ್ರಿ ರೈಲಿದೆ, ಬೆಳಗಾಗುವಾಗ ಶಿವಮೊಗ್ಗದಲ್ಲಿ ಇಳಿಯಬಹುದು ಎಂಬುದನ್ನೂ ಸೇರಿಸಿ. ಜೊತೆಗೆ ಹಾಲ್‌ನ ಎರಡು ಫೋಟೊ: ಒಂದು ದೀಪ ಹಾಕಿದಾಗಿನದು, ಇನ್ನೊಂದು ಮೇಜುಗಳದು.